ಎಡ ಮಡ್‌ಗಾರ್ಡಿನ ಒಳಮೈ

ನನಗೊಂದು ಕೆಟ್ಟ ಚಾಳಿ ಇದೆ. ಯಾವ ವಸ್ತು ಕೈಗೆ ಬಂದರೂ ಮೊದಲು ತಿರುಗಿಸಿ ಅದರ ಹಿಂಬದಿ ನೋಡುತ್ತೇನೆ. ಇಪ್ಪತ್ತಾರನೇ ವಯಸ್ಸಿನಲ್ಲಿ ಗಂಡು ನೋಡುವ ಶಾಸ್ತ್ರಕ್ಕೆಂದು ಹಮಾಮತ್ಸು ನಗರದ ದೊಡ್ಡ ಹೋಟೆಲಿಗೆ ಹೋಗಿದ್ದೆವು. ಗಂಡಿನ ತಾಯಿಯ ಎದುರಿಗೇ ಚಹಾದ ಬಟ್ಟಲನ್ನು ಎತ್ತಿ ಅದರ ತಳ ನೋಡಿದ್ದಕ್ಕೇ ಆ ಸಂಬಂಧ ತಪ್ಪಿತು ಎಂದು ನನ್ನ ಅಕ್ಕ ಇಂದಿಗೂ ಹೇಳುತ್ತಾಳೆ. ತಪ್ಪಿದ್ದೇ ಒಳ್ಳೆಯದಾಯಿತು. ಬಟ್ಟಲಿನ ತಳದಲ್ಲಿ ಏನಿತ್ತು ಅಂತ ಆ ಮನುಷ್ಯ ಕೇಳಲೂ ಇಲ್ಲ.

ನಮ್ಮ ಕಸುಬಿಗೆ ಮಾತ್ರ ಈ ಚಾಳಿ ಹೇಳಿ ಮಾಡಿಸಿದ್ದು. ಅಪಘಾತವಾದ ಕಾರುಗಳ ಮೈ ಸರಿಮಾಡಿ, ಬಣ್ಣ ಹೊಡೆದು, ಮತ್ತೆ ಜೋಡಿಸಿ ಕೊಡುವುದು ನಮ್ಮ ಕೆಲಸ. ಟೆನ್ರ್ಯೂ ಹೊಳೆಯ ದಂಡೆಯ ಈ ಶೆಡ್ಡಿನಲ್ಲಿ ನಾನು ಸುತ್ತಿಗೆ ಹಿಡಿದು ಮೂವತ್ತೆರಡು ವರ್ಷವಾಯಿತು. ಕಾರಿನ ಹೊರಮೈ ಸುಳ್ಳು ಹೇಳುತ್ತದೆ. ಹೇಳಲಿ ಅಂತಲೇ ಜನ ಅದನ್ನು ನಮಗೆ ಒಪ್ಪಿಸುತ್ತಾರೆ. ಒಳಮೈಗೆ ಮಾತ್ರ ಸುಳ್ಳು ಹೇಳಲು ಬರುವುದಿಲ್ಲ ಎಂದು ನಾನು ನಂಬಿದ್ದೆ. ನಂಬಿಕೆ ಸರಿಯಾಗಿಯೇ ಇತ್ತು, ಓದಲು ಬಾರದೇ ಇದ್ದದ್ದು ನನಗೆ.

ಕಾಂಬೆಯವರ ಕಾರು ಬಂದದ್ದು ಕಿತ್ತಳೆ ಕೊಯ್ಲಿನ ಹೊತ್ತಿಗೆ, ಲಾರಿಯ ಬೆನ್ನೇರಿಕೊಂಡು. 1968ರ ಎರಡು ಸೀಟಿನ ಬಿಳಿ ಸ್ಪೋರ್ಟ್ಸ್ ಕಾರು. ಅದನ್ನು ಮಾಡಿದ ಚಿಕ್ಕ ಕಾರ್ಖಾನೆ ಮುಚ್ಚಿಯೇ ನಲವತ್ತು ವರ್ಷ ದಾಟಿದೆ. ಬಲಗಡೆಯಿಂದ ನೋಡಿದರೆ ಈಗಷ್ಟೇ ಸ್ನಾನ ಮಾಡಿ ಬಂದಂತಿತ್ತು. ಎಡಗಡೆ ಮುಂದಿನ ಮಡ್‌ಗಾರ್ಡ್ ಮುದುಡಿ ಹೋಗಿ, ದೀಪ ಕಣ್ಣುಗುಡ್ಡೆಯ ಹಾಗೆ ಹೊರಗೆ ನೇತಾಡುತ್ತಿತ್ತು. ಕಾಂಬೆಯವರಿಗೆ ಎಪ್ಪತ್ತೈದು ತುಂಬಿದ್ದರಿಂದ, ಇಲ್ಲಿನ ವಯಸ್ಸಾದವರ ರೂಢಿಯಂತೆ, ಲೈಸೆನ್ಸ್ ಹಿಂತಿರುಗಿಸಿ ಹೆಂಡತಿಯ ಕೈಗೆ ಸ್ಟೇರಿಂಗ್ ಕೊಟ್ಟಿದ್ದರು. ಆಕೆ, ಫುಸಾಯೆ, ಕಿತ್ತಳೆ ತೋಟದ ತಿರುವಿನಲ್ಲಿ ಕಾಡುಹಂದಿಗೆ ಗುದ್ದಿ, ಅಲ್ಲಿಂದ ಕಲ್ಲಿನ ತಡೆಗೋಡೆಗೆ ಗುದ್ದಿದ್ದರು.

"ಹಂದಿಗೇನಾಯ್ತಮ್ಮಾ?" ಎಂದು ಕೇಳಿದವನು ನಮ್ಮಲ್ಲಿ ಬಣ್ಣ ಹೊಡೆಯುವ ಮೊಜುಮಿ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ನನ್ನ ಗುರುಗಳ ಕಾಲದಿಂದಲೂ ಇಲ್ಲೇ ಇದ್ದಾನೆ.

"ಅದಕ್ಕೇನಾಗತ್ತೆ, ಮೈ ಕೊಡವ್ಕೊಂಡು ಗುಡ್ಡ ಹತ್ತಿ ಹೋಯ್ತು. ಮೂತಿಗೆ ನಮ್ಮ ಬಿಳಿ ಬಣ್ಣ ಮೆತ್ಕೊಂಡಿತ್ತು."

"ಹಂಗಾದ್ರೆ ಬಣ್ಣದ ನಮೂನೆ ಬೇಕು ಅಂದ್ರೆ ನಾನು ಆ ಹಂದೀನ ಹುಡುಕ್ಕೊಂಡು ಹೋಗ್ಬೇಕು ಅನ್ನಿ."

ಫುಸಾಯೆ ನಕ್ಕರು. ಕಾಂಬೆಯವರು ನಗಲಿಲ್ಲ. ಮೂವತ್ತಮೂರು ವರ್ಷ ಪಟ್ಟಣದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ. ನಮ್ಮ ಫಾರಮ್ಮನ್ನು ಬಲಗೈಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ತುಂಬಿದರು. ಆಮೇಲೆ ಹೆಂಡತಿ ಕೈತೊಳೆಯಲು ಹೋದದ್ದನ್ನು ನೋಡಿಕೊಂಡು ನನ್ನ ಹತ್ತಿರ ಬಂದರು.

"ಹೊಸ ಮಡ್‌ಗಾರ್ಡ್ ಹಾಕ್ಬೇಡಿ. ಇದನ್ನೇ ಎತ್ತಿ. ಎಷ್ಟು ದಿನ ಆದ್ರೂ ಪರವಾಗಿಲ್ಲ."

"ಯಾಕೆ? ತಗಡು ಹರಿದು ಹೋಗಿದೆ, ನೋಡಿ. ಹೊಸದು ಮಾಡಿದ್ರೆ ಇದಕ್ಕಿಂತ ಚೆನ್ನಾಗಿ ಕೂರತ್ತೆ."

"ಇದು ನಾನು ಬಡಿದಿದ್ದು," ಅಂದರು. ಗಟ್ಟಿಯಾಗಿ ಹೇಳಿದರೆ ಯಾರಾದರೂ ಕಸಿದುಕೊಂಡಾರು ಎಂಬಂತೆ ಮೆಲ್ಲಗೆ ಹೇಳಿದರು.

ಮದುವೆಗೆ ಮುಂಚೆ, ಕಚೇರಿ ಸೇರುವುದಕ್ಕೂ ಮುಂಚೆ, ಅವರು ಆ ಕಾರ್ಖಾನೆಯಲ್ಲಿ ಮೂರು ವರ್ಷ ತಗಡು ಬಡಿಯುತ್ತಿದ್ದರಂತೆ. ಆಗ ಅಚ್ಚುಗಳಿರಲಿಲ್ಲ, ಎಲ್ಲ ಕೈಯಲ್ಲೇ. ಎಡ ಮಡ್‌ಗಾರ್ಡಿಗೆ ಇಬ್ಬರೇ ಇದ್ದರು. ಆ ವರ್ಷದ ನವೆಂಬರಿನಲ್ಲಿ ಇನ್ನೊಬ್ಬ ಹೊಟ್ಟೆಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದ. ಹಾಗಾಗಿ ಆ ತಿಂಗಳ ಮೂರು ಕಾರುಗಳ ಎಡ ಮಡ್‌ಗಾರ್ಡೂ ಇವರದೇ. ಮೂರರಲ್ಲಿ ಒಂದು ಸುಟ್ಟು ಹೋಯಿತು, ಒಂದು ಕಡಲು ದಾಟಿ ಹೋಯಿತು. ಉಳಿದದ್ದನ್ನು ನಂಬರು ಹಿಡಿದು ಹುಡುಕಿ, ನಿವೃತ್ತಿಯಾದ ವರ್ಷ ಕೊಂಡಿದ್ದರು.

"ನನ್ನ ಕೈಯಲ್ಲಿ ಆಗಿದ್ದು ಅಂತ ಈ ಪ್ರಪಂಚದಲ್ಲಿ ಇರೋದು ಇದೊಂದೇ. ಮಿಕ್ಕಿದ್ದೆಲ್ಲ ಕಾಗದ," ಅಂದರು.

ನಾನು ಮಾತು ಕೊಟ್ಟೆ. ಇದನ್ನು ಇಲ್ಲಿ ಒತ್ತಿ ಹೇಳಬೇಕು, ಯಾಕೆಂದರೆ ಆ ಮಾತನ್ನು ಮುರಿದವಳೂ ನಾನೇ.

ತುಕ್ಕು ಹಿಡಿದ ಬೋಲ್ಟುಗಳನ್ನು ಬಿಚ್ಚುವುದರಲ್ಲೇ ಒಂದಿಡೀ ದಿನ ಹೋಯಿತು. ಮಡ್‌ಗಾರ್ಡನ್ನು ಮೇಜಿಗೇರಿಸಿ ಬಣ್ಣ ಕೆರೆದಾಗ ಮೇಲಿನ ಬಿಳಿಯ ಕೆಳಗೆ ಬೂದು, ಬೂದು ಬಣ್ಣದ ಕೆಳಗೆ ಇನ್ನೊಂದು ಬಿಳಿ ಸಿಕ್ಕಿತು. ಮೊದಲನೆಯ ಆ ಬಿಳಿಯ ಒಂದು ಚೂರನ್ನು ಮೊಜುಮಿ ಉಗುರಿನಲ್ಲಿ ಎಬ್ಬಿಸಿ ಬೆಂಕಿಪೊಟ್ಟಣದಲ್ಲಿಟ್ಟುಕೊಂಡ. ಹಂದಿ ಹುಡುಕುವ ಕೆಲಸ ತಪ್ಪಿತು ಅಂದ. ನನ್ನ ಗಮನವೆಲ್ಲ ಒಳಮೈಯ ಮೇಲಿತ್ತು. ತುಕ್ಕು ಹಿಡಿಯದಿರಲೆಂದು ಬಳಿದ ಐವತ್ತು ವರ್ಷದ ಡಾಂಬರು ಅಲ್ಲಿ ಕಪ್ಪಗೆ ಗಟ್ಟಿಯಾಗಿತ್ತು. ಬಿಸಿಗಾಳಿ ಬಿಟ್ಟು, ಸೀಮೆಎಣ್ಣೆ ಸವರಿ, ಅಂಗುಲ ಅಂಗುಲವಾಗಿ ತೆಗೆದೆ. ಒಬ್ಬ ಮನುಷ್ಯ ಇಪ್ಪತ್ತೈದನೇ ವಯಸ್ಸಿನಲ್ಲಿ ಹೇಗೆ ಸುತ್ತಿಗೆ ಬೀಸುತ್ತಿದ್ದ ಎಂಬುದು ಇದರ ಕೆಳಗೆ ಇದೆ ಎಂದುಕೊಂಡರೆ ನನಗೆ ಊಟದ ನೆನಪೂ ಆಗುತ್ತಿರಲಿಲ್ಲ.

ಉಬ್ಬಿದ ತಗಡನ್ನು ಒಳಗಿನಿಂದ ಬಡಿದೇ ಮಾಡಬೇಕು. ಎಷ್ಟೇ ಪಳಗಿದ ಕೈಯಾದರೂ ಸುತ್ತಿಗೆ ಕೂದಲೆಳೆಯಷ್ಟು ವಾಲಿ ಬೀಳುತ್ತದೆ. ಒಂದು ಅಂಚು ಮೊದಲು ತಾಗಿ, ಉಗುರಿನ ತುದಿ ಒತ್ತಿದಂಥ ಗುರುತು ಉಳಿಯುತ್ತದೆ. ಹೊರಗಿನ ಗುರುತುಗಳನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ, ಒಳಗಿನವಕ್ಕೆ ಯಾರೂ ಕೈ ಹಾಕುವುದಿಲ್ಲ. ಈ ಗುರುತುಗಳು ಯಾವ ಕಡೆಗೆ ವಾಲಿವೆ, ಎಷ್ಟು ಒತ್ತಾಗಿವೆ ಎಂದು ನೋಡಿದರೆ ಬಡಿದವನ ಎತ್ತರ, ಸಿಟ್ಟು, ಸೋಮಾರಿತನ ಎಲ್ಲ ಹೇಳಬಹುದು ಅನ್ನುತ್ತಿದ್ದರು ನನ್ನ ಗುರುಗಳು.

ಡಾಂಬರಿನಡಿಯಿಂದ ಎದ್ದು ಬಂದ ಗುರುತುಗಳು ನೋಡುವಂತಿದ್ದವು. ಒತ್ತಾಗಿ, ಸಮನಾಗಿ, ಎಲ್ಲಿಯೂ ಅವಸರವಿಲ್ಲದೆ. ನೋಡುತ್ತಾ ನೋಡುತ್ತಾ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ದೀಪವನ್ನು ಪಕ್ಕಕ್ಕೆ ಹಿಡಿದೆ. ಎಲ್ಲ ಗುರುತುಗಳೂ ನನ್ನ ಬಲಗೈಯ ಗುರುತುಗಳಿಗೆ ತಿರುಗುಮುರುಗಾಗಿ ವಾಲಿದ್ದವು. ನಾನು ನಿಂತ ಜಾಗ ಬದಲಿಸಿ ನೋಡಿದೆ, ಮಡ್‌ಗಾರ್ಡನ್ನು ತಿರುಗಿಸಿ ನೋಡಿದೆ, ಒಂದು ತುಂಡು ತಗಡಿನ ಮೇಲೆ ನಾನೇ ಬಡಿದು ಪಕ್ಕದಲ್ಲಿಟ್ಟು ನೋಡಿದೆ. ಅನುಮಾನವೇ ಇರಲಿಲ್ಲ. ಇದನ್ನು ಬಡಿದವನು ಎಡಚ.

"ಮೊಜುಮಿ ಅಣ್ಣಾ, ಬಾ ಇಲ್ಲಿ. ಇದು ಕಾಂಬೆಯವ್ರದ್ದಲ್ಲ."

ಅವನು ಬಗ್ಗಿ ನೋಡಿದ. "ಅವ್ರು ಬಲಗೈಲಿ ಬರೆದ್ರಲ್ವಾ?"

"ಮುತ್ತಿನ ಹಂಗೆ ಬರೆದ್ರು. ಆಸ್ಪತ್ರೇಲಿದ್ದ ಆ ಇನ್ನೊಬ್ಬ ಎಡಚ ಇರ್ಬೇಕು. ಇವ್ರಿಗೆ ತಿಂಗಳು ತಪ್ಪಿ ನೆನಪಿದೆ, ಅಷ್ಟೆ."

"ಅಯ್ಯೋ ಪಾಪ." ಮೊಜುಮಿ ತಲೆ ಕೆರೆದುಕೊಂಡ. "ನೋಡವ್ವಾ, ನೀನು ಇದ್ರಲ್ಲಿ ಮೂಗು ತೂರಿಸ್ಬೇಡ. ಆ ಮುದುಕ ಹದಿನೈದು ವರ್ಷದಿಂದ ಅದನ್ನ ತನ್ನದು ಅಂತ ತೊಳ್ದು ಒರೆಸಿದ್ದಾನೆ. ಬಣ್ಣ ಬಿದ್ದ ಮೇಲೆ ಯಾರ ಕೈ ಆದ್ರೇನು?"

ಬಾಯಿ ಮುಚ್ಚಿಕೊಂಡಿರಲು ಒಪ್ಪಿದೆ. ಆದರೆ ಕೈ ಸುಮ್ಮನಿರಲಿಲ್ಲ. ತಗಡು ಮೂರು ಕಡೆ ಹರಿದಿತ್ತು, ದೀಪದ ಸುತ್ತ ತುಕ್ಕು ತಿಂದು ಕಾಗದದಷ್ಟು ತೆಳ್ಳಗಾಗಿತ್ತು. ಅದನ್ನು ಉಳಿಸಬೇಕೆಂದರೆ ಸಣ್ಣ ಉರಿಯಲ್ಲಿ ಬೆಸೆದು, ತಣಿಸಿ, ಬಡಿದು, ಮತ್ತೆ ಬೆಸೆದು ಒಂದು ತಿಂಗಳ ತಪಸ್ಸು. ಕಾಂಬೆಯವರ ಕೈಗಾದರೆ ಮಾಡುತ್ತಿದ್ದೆ. ಯಾರೋ ಊರು ಹೆಸರು ತಿಳಿಯದವನ ಕೈಗೆ ಯಾಕೆ ಮಾಡಬೇಕು? ನನ್ನ ಹೊಟ್ಟೆಕಿಚ್ಚೂ ಅದರಲ್ಲಿ ಸ್ವಲ್ಪ ಸೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಬುಧವಾರ ಮುಂದಿನ ಅರ್ಧವನ್ನು ಕತ್ತರಿಸಿ ತೆಗೆದೆ. ಗುರುವಾರ ಗುಜರಿ ಲಾರಿ ಬಂದು ಅದನ್ನು ಬೇರೆ ತುಂಡುಗಳ ಜೊತೆ ಹೇರಿಕೊಂಡು ಹೋಯಿತು. ಶುಕ್ರವಾರ ಹೊಸ ತಗಡು ಕತ್ತರಿಸಿ, ಸುಮಾರಾಗಿ ಬಗ್ಗಿಸಿ, ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ ನಿಲ್ಲಿಸಿದೆ.

ಶನಿವಾರ ಕಾಂಬೆಯವರು ಬಸ್ಸಿನಲ್ಲಿ ಒಬ್ಬರೇ ಬಂದರು. ಕೈಯಲ್ಲಿ ಕಿತ್ತಳೆಯ ಚೀಲ. ಮಡ್‌ಗಾರ್ಡಿನ ಮೇಲೆ ಮೊದಲೇ ಬಟ್ಟೆ ಹೊದಿಸಿದ್ದೆ. ಬಣ್ಣ ಬೀಳುವ ತನಕ ತೋರಿಸಬಾರದು ಎಂಬುದು ನನ್ನ ಉಪಾಯ. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಚಾಳಿ ಬಿಡಬೇಕಲ್ಲ. ಈ ಮನುಷ್ಯ ನಿಜಕ್ಕೂ ಯಾವತ್ತಾದರೂ ತಗಡು ಬಡಿದಿದ್ದರೇ ಎಂದು ನೋಡುವ ಆಸೆಯಾಯಿತು.

"ಕಾಂಬೆಯವ್ರೇ, ಆಗಿನ ಕಾಲದ ಹೊಡೆತ ಹೆಂಗಿರ್ತಿತ್ತು? ಸ್ವಲ್ಪ ತೋರಿಸಿ, ನಾವೂ ಕಲಿಯೋಣ," ಎಂದು ಮರಳು ಚೀಲದ ಮೇಲೆ ಒಂದು ತುಂಡು ತಗಡಿಟ್ಟು ಸುತ್ತಿಗೆ ನೀಡಿದೆ.

ಅವರು ಒಮ್ಮೆ ಬಾಗಿಲ ಕಡೆ ನೋಡಿದರು. ಕಿತ್ತಳೆಯ ಚೀಲ ಕೆಳಗಿಟ್ಟರು. ಕೋಟು ಬಿಚ್ಚಿ ಮಡಿಸಿ ಕುರ್ಚಿಯ ಮೇಲೆ ಹಾಕಿದರು. ಆಮೇಲೆ ಎಡಗೈ ಚಾಚಿ ಸುತ್ತಿಗೆ ತೆಗೆದುಕೊಂಡರು.

ಮೊದಲ ನಾಲ್ಕು ಏಟು ಎಲ್ಲೆಲ್ಲೋ ಬಿದ್ದವು. ಐದನೆಯದರಿಂದ ಸದ್ದು ಬದಲಾಯಿತು. ಹನ್ನೆರಡನೆಯದಕ್ಕೆ ನಿಲ್ಲಿಸಿ, ಉಸಿರು ಬಿಟ್ಟು, ತಗಡನ್ನು ನನ್ನ ಕೈಗೆ ಕೊಟ್ಟರು. ಉಗುರಿನಂಥ ಗುರುತುಗಳು ಎಲ್ಲ ಒಂದೇ ಕಡೆಗೆ ವಾಲಿದ್ದವು. ಮಡ್‌ಗಾರ್ಡಿನೊಳಗೆ ಕಂಡಿದ್ದ ಕಡೆಗೇ. ಅಲ್ಲಿ ಮೊಜುಮಿ ಬಣ್ಣದ ಡಬ್ಬಿ ಕಲಕುವುದನ್ನು ನಿಲ್ಲಿಸಿದ್ದ.

"ನೀವು... ಬರೆಯೋದು ಬಲಗೈಲಿ ಅಲ್ವಾ?"

"ಬರೆಯೋದು, ಉಣ್ಣೋದು ಬಲಗೈಲೇ." ಅವರಿಗೆ ಖುಷಿಯಾಗಿತ್ತು, ಹಣೆಯಲ್ಲಿ ಬೆವರಿತ್ತು, ಮಾತು ತಾನಾಗಿ ಬರುತ್ತಿತ್ತು. "ಊಟಕ್ಕೆ ಕೂತಾಗ ನಮ್ಮಮ್ಮ ಈ ಕೈಯನ್ನ ಪಟ್ಟಿಯಿಂದ ಸೊಂಟಕ್ಕೆ ಕಟ್ಟೋರು. ಶಾಲೇಲಿ ಮೇಷ್ಟ್ರು ಬಿದಿರು ಕಡ್ಡೀಲಿ ಬೆರಳ ಗೆಣ್ಣಿಗೆ ಕೊಡೋರು. ಹಂಗೆ ಅವೆರಡೂ ಬಲಗೈಗೆ ಹೋದವು. ಸುತ್ತಿಗೆ ಹೇಳ್ಕೊಡೋಕೆ ಮಾತ್ರ ಯಾರೂ ಬರ್ಲಿಲ್ಲ ನೋಡಿ, ಅದೊಂದು ಈ ಕೈಯಲ್ಲೇ ಉಳ್ಕೊಂತು. ಕಾರ್ಖಾನೇಲಿ ಮೇಸ್ತ್ರಿ ತಗಡು ನೋಡ್ತಿದ್ರೇ ಹೊರತು ಕೈ ನೋಡ್ತಿರ್ಲಿಲ್ಲ. ಆ ಮೂರು ವರ್ಷ ಈ ಕೈ ನಂದಾಗಿತ್ತು."

ನನ್ನ ಸೋದರತ್ತೆ ಎಡಗೈಯಲ್ಲಿ ಮೂಲಂಗಿ ಹೆಚ್ಚಿ ಬಲಗೈಯಲ್ಲಿ ಉಣ್ಣುತ್ತಿದ್ದಳು. ಅದನ್ನು ನೋಡಿಕೊಂಡೇ ನಾನು ಬೆಳೆದದ್ದು. ಈ ದೇಶದಲ್ಲಿ ಆ ತಲೆಮಾರಿನ ಮುದುಕರಲ್ಲಿ ಇಂಥವರು ಎಷ್ಟು ಜನರೋ. ಹೊರಗಿನವರು ಯಾರಾದರೂ ತಪ್ಪು ತಿಳಿದರೆ ಒಂದು ಮಾತು. ಇಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೊಜುಮಿ ದೂರದಿಂದ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ನಾನು ಬಟ್ಟೆ ಎಳೆದು ತೆಗೆದೆ.

"ನಾನು ಕತ್ತರಿಸಿಬಿಟ್ಟೆ. ಮುಂದಿನ ಅರ್ಧ. ಒಳಗಡೆ ಎಡಗೈ ಹೊಡೆತ ನೋಡಿ, ಇದು ನಿಮ್ಮದಲ್ಲ ಅಂದ್ಕೊಂಡೆ. ತುಂಡು ಗುಜರಿಗೆ ಹೋಯ್ತು. ಹುಡುಕಿದ್ರೂ ಸಿಗಲ್ಲ. ಮಾತು ಕೊಟ್ಟು ತಪ್ಪಿದೀನಿ, ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ."

ಸೊಂಟ ಬಗ್ಗಿಸಿ ನಿಂತೆ. ಅವರು ಮೇಜಿನ ಹತ್ತಿರ ಹೋಗಿ ಉಳಿದಿದ್ದ ಅರ್ಧದ ಒಳಮೈಯನ್ನು ಬೆರಳಿನಿಂದ ಮುಟ್ಟಿದರು. ಬೆರಳು ಬೆಸುಗೆಯ ಗೆರೆಯ ತನಕ ಬಂದು ನಿಂತಿತು.

"ಒಳಗೆ ಅಷ್ಟೊಂದು ನೋಡಿದೀರಿ," ಅಂದರು. "ಕೊನೆಗೆ ನಿಮಗೂ ಕಂಡಿದ್ದು ಬರೆಯೋ ಕೈ ಒಂದೇ."

ಕೋಟು ಹಾಕಿಕೊಂಡು ಹೊರಟುಹೋದರು. ಕಿತ್ತಳೆ ಅಲ್ಲೇ ಬಿಟ್ಟರು. ಅದರಲ್ಲಿ ಒಂದನ್ನೂ ನಾನು ತಿನ್ನಲಿಲ್ಲ, ಮೊಜುಮಿಯೂ ಮುಟ್ಟಲಿಲ್ಲ. ಬೇರೆ ಕೆಲಸಕ್ಕೆ ಕೈ ಹಚ್ಚುವುದು, ಬಿಡುವುದು, ಇದೇ ಆಯಿತು. ಫೋನ್ ಎತ್ತಿ ನಂಬರು ಒತ್ತಿ ಇಟ್ಟೆ.

ಐದನೇ ದಿನ ಬೆಳಿಗ್ಗೆ ಎಂಟು ಗಂಟೆಗೆ ಅವರು ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿಯ ಅಂಗಿ ಇರಲಿಲ್ಲ, ತೋಟದ ಕೆಲಸದ ಹಳೆಯ ಬಟ್ಟೆ.

"ಆ ಹೊಸ ತಗಡು ಮುಟ್ಟಿದೀರಾ?"

"ಇಲ್ಲ."

"ಮುಟ್ಬೇಡಿ. ನಾನೇ ಬಡೀತೀನಿ. ಫುಸಾಯೆಗೆ ಹೇಳ್ಬಾರ್ದು. ಬಿಸಿನೀರಿನ ಬುಗ್ಗೆಗೆ ಸ್ನಾನಕ್ಕೆ ಹೋಗ್ತೀನಿ ಅಂದಿದೀನಿ."

"ಅವ್ರಿಗೆ ಯಾಕೆ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮೊಜುಮಿ ನನ್ನ ಕಾಲು ತುಳಿದ. ಆದರೂ ಅವರು ಉತ್ತರ ಹೇಳಿದರು.

"ಅವ್ಳಿಗೆ ಈ ಕೈ ಗೊತ್ತಿಲ್ಲ. ಮದುವೆ ಮಾತಾಡೋಕೆ ಹೋಗೋವಾಗ ನಮ್ಮಮ್ಮ ಹೇಳಿದ್ರು, ಅವ್ರ ಮನೆಯವ್ರ ಎದುರು ತೋರಿಸ್ಬೇಡ ಅಂತ. ಒಂದು ವರ್ಷ ತೋರಿಸ್ಲಿಲ್ಲ. ಆಮೇಲೆ ಹೇಳೋದು ಹೆಂಗೆ? ಎರಡ್ನೇ ವರ್ಷ ಹೇಳಿದ್ರೆ, ಮೊದಲ್ನೇ ವರ್ಷ ಯಾಕೆ ಮುಚ್ಚಿಟ್ರಿ ಅಂತಾಳೆ. ಹಿಂಗೇ ನಲವತ್ತೇಳು ವರ್ಷ ಆಯ್ತು."

ಹನ್ನೊಂದು ದಿನ ಬಂದರು. ಒಂದು ಗಂಟೆ ಬಡಿದರೆ ಒಂದು ಗಂಟೆ ಕೂರಬೇಕಿತ್ತು. ನಾನು ತಗಡು ಹಿಡಿದುಕೊಳ್ಳುವ ಕೆಲಸಕ್ಕೆ ಇಳಿದೆ. ಎಡಗಡೆ ನಿಂತರೆ ಅವರ ಮೊಣಕೈ ತಾಗುತ್ತಿತ್ತು, ಬಲಗಡೆಗೆ ಹೋಗಬೇಕಿತ್ತು. ಮೂವತ್ತೆರಡು ವರ್ಷದ ಅಭ್ಯಾಸವೆಲ್ಲ ತಲೆಕೆಳಗು. "ಅಲ್ಲಲ್ಲ, ಆ ಕಡೆ, ಆ ಕಡೆ," ಎಂದು ಅವರು ಗದರುತ್ತಿದ್ದರು. ಬೈಸಿಕೊಂಡರೆ ನನಗೆ ಹಾಯೆನಿಸುತ್ತಿತ್ತು. ಹೊಸ ಗುರುತುಗಳು ಹಳೆಯವುಗಳಷ್ಟು ಸಮನಾಗಿ ಬರಲಿಲ್ಲ. ಕೆಲವು ಆಳ, ಕೆಲವು ತೇಲು. ಸರಿಪಡಿಸಲೇ ಎಂದು ನಾನು ಕೇಳಲಿಲ್ಲ. ಹೊರಮೈಗೆ ಮಾತ್ರ ಅರ ಹಾಕಿ, ಅಂಗೈಗೆ ಹತ್ತಿಯ ಗವಸು ತೊಟ್ಟು, ಕಣ್ಣು ಮುಚ್ಚಿ ಸವರಿ, ಎಲ್ಲಿಯೂ ತಡೆಯದಂತೆ ಮಾಡಿದೆ.

ಬಣ್ಣ ಹೊಡೆಯುವ ಹೊತ್ತಿಗೆ ಬೀಸುಗಾಳಿ ನಿಲ್ಲಲೇ ಇಲ್ಲ. ನಮ್ಮ ಕಡೆಯ ಚಳಿಗಾಲದ ಗಾಳಿಗೆ ಹೊಲದ ಮಣ್ಣೆಲ್ಲ ಶೆಡ್ಡಿಗೆ ಬರುತ್ತದೆ. ಮೊಜುಮಿ ಎರಡು ದಿನ ಬಾಗಿಲ ಸಂದುಗಳಿಗೆ ಕಾಗದ ಅಂಟಿಸುತ್ತಾ, ನೆಲಕ್ಕೆ ನೀರು ಚಿಮುಕಿಸುತ್ತಾ ಗಾಳಿಯನ್ನು ಬೈದ. ಮೂರನೇ ದಿನ ಮಧ್ಯಾಹ್ನ ಗಾಳಿ ನಿಂತಿತು. ಬೆಂಕಿಪೊಟ್ಟಣದ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಿಳಿಗೆ ಒಂದು ತೊಟ್ಟು ಹಳದಿ, ಅರ್ಧ ತೊಟ್ಟು ಕಪ್ಪು ಸೇರಿಸಿ, ಉಸಿರು ಬಿಗಿಹಿಡಿದು ಹೊಡೆದ. ಒಳಮೈಗೆ ಡಾಂಬರು ಬಳಿಯಲಿಲ್ಲ. ನನ್ನನ್ನು ಕೇಳದೆಯೇ ಪಾರದರ್ಶಕ ವಾರ್ನಿಶ್ ಹೊಡೆದು, "ತುಕ್ಕು ಹಿಡಿಯಲ್ಲ ಬಿಡು," ಅಂದ.

ಜೋಡಿಸುವ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ಕಾಂಬೆಯವರು ಮತ್ತೆ ಇಸ್ತ್ರಿಯ ಅಂಗಿಯಲ್ಲಿದ್ದರು, ಎರಡೂ ಕೈ ಬೆನ್ನ ಹಿಂದೆ. ಫುಸಾಯೆ ಬಣ್ಣ ನೋಡಿ ಬಾಯ್ತುಂಬ ಹೊಗಳಿ, ಹಂದಿಯ ಕತೆಯನ್ನು ಮತ್ತೊಮ್ಮೆ ಹೇಳಿ, ಮೊಜುಮಿಯ ಜೊತೆ ಚಹಾ ತರಲು ಒಳಗೆ ಹೋದರು. ನಾನು ಮಡ್‌ಗಾರ್ಡಿನ ಬೋಲ್ಟುಗಳನ್ನು ಬಿಗಿದು, ಬಾಗಿಲಿನ ಸಂದು ಸರಿನೋಡಿ, ದೀಪ ಕೂರಿಸಿದೆ. ದೀಪದ ಸುತ್ತಲಿನ ಹೊಳಪಿನ ಉಂಗುರ ಮಾತ್ರ ಕೂರಲೊಲ್ಲದು. ಹೊಸ ತಗಡು ಅಲ್ಲಿ ಒಂದು ಎಳೆ ದಪ್ಪ. ಮರದ ಸುತ್ತಿಗೆಯಲ್ಲಿ ತಟ್ಟಿದೆ. ಈ ಕಡೆ ಕೂತರೆ ಆ ಕಡೆ ಏಳುತ್ತಿತ್ತು.

"ಹಂಗಲ್ಲ, ಕೊಡಿ ಇಲ್ಲಿ," ಎಂದು ಕಾಂಬೆಯವರು ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡರು. ಒಂದು ಮಂಡಿ ಊರಿ ಕೂತು, ಬಲಗೈಯಲ್ಲಿ ಉಂಗುರ ಒತ್ತಿ ಹಿಡಿದು, ಎಡಗೈಯಲ್ಲಿ ಟಕ್ ಟಕ್ ಎಂದು ತಟ್ಟತೊಡಗಿದರು. ಕೆಲಸ ಮೈಮೇಲೆ ಬಂದವರಿಗೆ ಬೇರೇನೂ ಕಾಣುವುದಿಲ್ಲ. ಫುಸಾಯೆ ಚಹಾದ ತಟ್ಟೆ ಹಿಡಿದು ಹಿಂದೆ ಬಂದು ನಿಂತದ್ದು ನನಗೆ ಕಂಡಿತು, ಅವರಿಗೆ ಕಾಣಲಿಲ್ಲ. ನಾನು ಕೆಮ್ಮಿದೆ. ತಡವಾಗಿತ್ತು.

"ರೀ," ಅಂದರು ಫುಸಾಯೆ.

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವರು ಮಾಡಿದ್ದನ್ನು ನೋಡಲಾಗಲಿಲ್ಲ. ಎಪ್ಪತ್ತೈದು ವರ್ಷದ ಮನುಷ್ಯ ಸುತ್ತಿಗೆಯನ್ನು ಗಬಕ್ಕನೆ ಬಲಗೈಗೆ ಬದಲಾಯಿಸಿ, ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಫುಸಾಯೆ ತಟ್ಟೆಯನ್ನು ನೆಲದ ಮೇಲಿಟ್ಟರು.

"ಮೊಳೆ ಹೊಡೀರಿ ಅಂದ್ರೆ ಬಡಗೀನ ಕರೀತಿದ್ರಿ. ನಲವತ್ತೇಳು ವರ್ಷ. ಕೈಲಾಗದ ಗಂಡ ಅಂತ ಅಕ್ಕಪಕ್ಕದವರ ಹತ್ರ ಎಲ್ಲ ಆಡ್ಕೊಂಡು ನಕ್ಕಿದೀನಿ ನಾನು."

"ಅಮ್ಮ ಹೇಳಿದ್ರು..." ಎಂದು ಅವರು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಫುಸಾಯೆ ಅವರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಬೆನ್ನ ಹಿಂದಿನಿಂದ ಆ ಕೈಯನ್ನು ಎಳೆದು ಮುಂದಕ್ಕೆ ತಂದು, ತಿರುಗಿಸಿ, ಬೆರಳ ಗೆಣ್ಣುಗಳನ್ನು ಒಂದೊಂದಾಗಿ ನೋಡಿದರು. ಆ ವಯಸ್ಸಿನ ಗಂಡ ಹೆಂಡತಿ ನಾಲ್ಕು ಜನರ ಎದುರು ಕೈ ಮುಟ್ಟಿದ್ದನ್ನು ನಾನು ನಮ್ಮೂರಲ್ಲಿ ನೋಡಿಲ್ಲ.

"ತುಂಬಾ ಹೊಡೆದ್ರಾ?" ಎಂದು ಕೇಳಿದರು.

ನನಗೆ ಅಷ್ಟು ಸಲೀಸಾಗಿ ಹೇಳಿದ್ದ ಮನುಷ್ಯ ಈಗ ಹೌದೆಂಬಂತೆ ತಲೆ ಮಾತ್ರ ಆಡಿಸಿದರು. ಫುಸಾಯೆ ಅವರ ಬಲಗೈಯಿಂದ ಸುತ್ತಿಗೆ ಬಿಡಿಸಿ ಎಡಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು.

"ಹೊಡೀರಿ," ಅಂದರು. "ನಾನು ನೋಡ್ಬೇಕು."

ಅವರು ಹೊಡೆದರು. ಉಂಗುರ ಕೂತು ಎಷ್ಟೋ ಹೊತ್ತಾದ ಮೇಲೂ ಆಕೆ ಸಾಕು ಅನ್ನಲಿಲ್ಲ.